ಉಂಟು, ಉಂಡು, ಉಂಡ್

ಕಳೆದ ಡಿಸೆಂಬರಿನ ರಜೆಗೆ ದಾವಣಗೆರೆಯಿಂದ ತಂಗಿಯ ಸಂಸಾರ ಕಾಸರಗೋಡಿನ ಕಡೆಯ ನಮ್ಮ ಮನೆಗೆ ಬಂತು. ತಂಗಿ, ಭಾವ, ಇಬ್ಬರು ಮಕ್ಕಳು. ಹೊರಡುವ ಮೊದಲು ಭಾವ ಫೋನು ಮಾಡಿದ್ದರು. "ಮಕ್ಕಳಿಗೆ ಬೇಕಲ ಕೋಟೆ ನೋಡಬೇಕಂತೆ, ಹಿನ್ನೀರಿನಲ್ಲಿ ದೋಣಿ ಹತ್ತಬೇಕಂತೆ. ಕಾರು ತರಲಾ?" ಬೇಡವೆಂದೆ. "ಮಂಗಳೂರಿನವರೆಗೆ ರಾತ್ರಿ ಬಸ್ಸಿನಲ್ಲಿ ಬನ್ನಿ. ಅಲ್ಲಿಂದ ಮುಂದೆ ಬಸ್ಸು, ರೈಲು, ಆಟೊ, ದೋಣಿ ಎಲ್ಲ ಉಂಟು." ಅವರು ಸ್ವಲ್ಪ ತಡೆದು ಕೇಳಿದರು, "ಭಾಷೆ?" "ಅದೂ ಉಂಟು" ಎಂದೆ.

ಫೋನಿಟ್ಟ ಮೇಲೆ ಆ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. ಘಟ್ಟದ ಮೇಲಿನವರು 'ಇದೆ' ಎನ್ನುವಲ್ಲಿ ನಾವು 'ಉಂಟು' ಎನ್ನುತ್ತೇವೆ. ಅದೇ ತುಳುವಿನಲ್ಲಿ 'ಉಂಡು'. ಮಲಯಾಳದಲ್ಲಿ 'ಉಂಡ್'. ಬಸ್ ಉಂಟಾ, ಬಸ್ಸು ಉಂಡಾ, ಬಸ್ ಉಂಡೋ: ಮೂರು ಭಾಷೆಯ ಮೂರು ಪ್ರಶ್ನೆ, ಆದರೆ ಕೇಳಿದವರಿಗೆ ಮೂರೂ ತಿಳಿಯುತ್ತವೆ. ತಲಪಾಡಿಯಿಂದ ನೀಲೇಶ್ವರ ದಾಟುವವರೆಗೆ ಈ ಮಾತೊಂದನ್ನೇ ಕೈಯಲ್ಲಿ ಹಿಡಿದು ಹೋಗಬಹುದು. ಅದನ್ನೇ ಮಕ್ಕಳಿಗೆ ಕಲಿಸಬೇಕು ಅಂದುಕೊಂಡೆ.

ಅವರನ್ನು ಕರೆತರಲು ಮಂಗಳೂರಿಗೆ ಹೋದೆ. ಅಲ್ಲಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್. ಎರಡೂ ರಾಜ್ಯಗಳ ಸರಕಾರಿ ಬಸ್ಸುಗಳು ಈ ದಾರಿಯಲ್ಲಿ ಓಡುತ್ತವೆ, ಎರಡಕ್ಕೂ ಕೆಎಸ್‌ಆರ್‌ಟಿಸಿ ಎಂದೇ ಹೆಸರು. ಹೊಸಬರಿಗೆ ನಾನು ಹೇಳುವ ಗುರುತು ಲಾಂಛನದ್ದು. ಗಂಡಭೇರುಂಡ ಇದ್ದರೆ ಕರ್ನಾಟಕದ್ದು, ಆನೆ ಇದ್ದರೆ ಕೇರಳದ್ದು. ಆ ಆನೆಯಿಂದಲೇ ಮಲಯಾಳಿಗಳು ತಮ್ಮ ಬಸ್ಸನ್ನು ಪ್ರೀತಿಯಿಂದ 'ಆನವಂಡಿ' ಎನ್ನುತ್ತಾರೆ. ಆದರೆ ಮಕ್ಕಳನ್ನು ನೇರ ಬಸ್ಸಿನಲ್ಲಿ ಕೂರಿಸಲು ಮನಸ್ಸಾಗಲಿಲ್ಲ. ಗಡಿಯನ್ನು ಅವರು ಕಾಲಿನಿಂದಲೇ ದಾಟಲಿ ಎಂದು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ತಲಪಾಡಿಯ ಸಿಟಿ ಬಸ್ಸು ಹತ್ತಿದೆವು.

ತಲಪಾಡಿಯಲ್ಲಿ ಸಿಟಿ ಬಸ್ಸು ಜನರನ್ನು ಇಳಿಸಿ ತಿರುಗಿಕೊಳ್ಳುತ್ತದೆ. ಕಾಸರಗೋಡಿನ ಕಡೆಯಿಂದ ಬರುವ ಖಾಸಗಿ ಬಸ್ಸಿನ ಓಟವೂ ಅಲ್ಲಿಗೇ ಮುಗಿಯುತ್ತದೆ. ನಡುವೆ ಒಂದಿಷ್ಟು ನಡಿಗೆ. ಚೀಲ ಹೊತ್ತವರು, ಆಸ್ಪತ್ರೆಯ ಫೈಲು ಹಿಡಿದವರು, ಕಾಲೇಜು ಮಕ್ಕಳು ಈ ಕಡೆಯಿಂದ ಆ ಕಡೆಗೂ ಆ ಕಡೆಯಿಂದ ಈ ಕಡೆಗೂ ದಾಟುತ್ತಲೇ ಇರುತ್ತಾರೆ. 1956ರ ನವೆಂಬರ್ 1ರವರೆಗೆ ಇಲ್ಲಿ ಯಾವ ರಾಜ್ಯದ ಗಡಿಯೂ ಇರಲಿಲ್ಲ. ಎರಡು ಕಡೆಯೂ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯೇ. ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು, 1984ರ ಮೇ 24ರಂದು ಅದೇ ಒಂದು ಜಿಲ್ಲೆಯಾಯಿತು. ನನ್ನ ಅಜ್ಜ ಗಡಿ ದಾಟಿ ಎಲ್ಲಿಗೂ ಹೋದವರಲ್ಲ. ಗಡಿಯೇ ಅವರ ಮನೆಯ ಬಡಗು ದಿಕ್ಕಿಗೆ ಬಂದು ನಿಂತಿತು.

"ಎತ್ರ ಆಳ್?" ಎಂದು ಆ ಕಡೆಯ ಬಸ್ಸಿನ ಕಂಡಕ್ಟರ್ ಕೇಳಿದ. ಎಷ್ಟು ಜನ ಎಂದರ್ಥ. 'ಆಳು' ಎಂಬುದು ನಮಗೆ ಕೆಲಸದವನು, ಮಲಯಾಳಿಗಳಿಗೆ ಯಾವ ಮನುಷ್ಯನಾದರೂ ಸರಿ. ತಂಗಿಯ ಮಗಳು ಏಳನೆಯ ತರಗತಿಯವಳು, ಕೇಳಿದ್ದನ್ನೆಲ್ಲ ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಕಂಡಕ್ಟರ್ ಚಿಲ್ಲರೆ ಎಣಿಸುತ್ತ 'ಪತ್ತ್' ಎಂದಾಗ ಅವಳಿಗೆ ಒಂದು ಸೂತ್ರ ಹೇಳಿಕೊಟ್ಟೆ. ಅವರ 'ಪ'ಕಾರ ಬಹಳ ಕಡೆ ನಮ್ಮ 'ಹ'ಕಾರ. ಪತ್ತ್ ಎಂದರೆ ಹತ್ತು, ಪಾಲ್ ಎಂದರೆ ಹಾಲು, ಪೋ ಎಂದರೆ ಹೋಗು. ಹಳಗನ್ನಡದಲ್ಲಿ ನಾವೂ ಪಾಲ್ ಎಂದೇ ಅನ್ನುತ್ತಿದ್ದೆವು. ಆಮೇಲೆ ನಮ್ಮ ತುಟಿ ಸಡಿಲವಾಯಿತು, ಅವರದು ಹಾಗೇ ಉಳಿಯಿತು. ಮಂಜೇಶ್ವರ ಬರುವಷ್ಟರಲ್ಲಿ ಅವಳ ಪುಸ್ತಕದಲ್ಲಿ ಒಂದು ಪುಟ ತುಂಬಿತ್ತು.

ಮಂಜೇಶ್ವರ ಗೋವಿಂದ ಪೈಗಳ ಊರು. 1949ರಲ್ಲಿ ಮದ್ರಾಸ್ ಸರಕಾರದಿಂದ ರಾಷ್ಟ್ರಕವಿ ಎನಿಸಿಕೊಂಡವರು, ಹಲವು ಭಾಷೆಗಳನ್ನು ಬಲ್ಲವರು. ಅವರ ಮನೆಯಿದ್ದ ಜಾಗ ಈಗ 'ಗಿಳಿವಿಂಡು' ಎಂಬ ಸ್ಮಾರಕ. ಗಡಿನಾಡಿಗೆ ಬರುವ ಕನ್ನಡಿಗರು ನೇರ ಸಮುದ್ರಕ್ಕೆ ಓಡದೆ ಇಲ್ಲೊಮ್ಮೆ ಇಳಿಯಬೇಕೆಂಬುದು ನನ್ನ ಆಸೆ. ಇಳಿಯುವವರಿಗೆ ಒಂದು ಸೂಚನೆಯೂ ಇದೆ. ರಾಷ್ಟ್ರೀಯ ಹೆದ್ದಾರಿ 66 ಈಗ ಆರು ಪಥವಾಗಿದೆ. ಬಸ್ಸು ನಿಲ್ಲುವುದು ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಎದುರು ಬದಿಗೆ ಹೋಗಲು ಅಂಡರ್‌ಪಾಸ್ ಹುಡುಕಬೇಕು. ಎಲ್ಲಿ ದಾಟುವುದು ಎಂದು ಇಳಿಯುವ ಮೊದಲೇ ಕೇಳಿಕೊಂಡರೆ ಅರ್ಧ ಗಂಟೆಯ ಬಿಸಿಲು ಉಳಿಯುತ್ತದೆ.

ಮರುದಿನ ಬೇಕಲಕ್ಕೆ ಹೊರಟೆವು. ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಹೆದ್ದಾರಿ ಬೇಕಲಕ್ಕೆ ಹೋಗುವುದಿಲ್ಲ. ಕಾಸರಗೋಡು ದಾಟಿದ ಮೇಲೆ ಅದು ಚೆರ್ಕಳ, ಪೊಯಿನಾಚಿಯ ಕಡೆಗೆ ಒಳನಾಡಿಗೆ ತಿರುಗುತ್ತದೆ. ಕಡಲ ಬದಿಯ ರಸ್ತೆ ಬೇರೆಯೇ ಇದೆ. ಅದು ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಕಳನಾಡು, ಉದುಮ, ಬೇಕಲ, ಪಳ್ಳಿಕ್ಕರೆಯಾಗಿ ಕಾಞಂಗಾಡಿಗೆ ಹೋಗುತ್ತದೆ. ಕಾಸರಗೋಡಿನಿಂದ ಕಾಞಂಗಾಡಿಗೆ ಎರಡು ದಾರಿಯಲ್ಲೂ ಬಸ್ಸು ಓಡುವುದರಿಂದ ಹತ್ತುವ ಮೊದಲು ಒಂದು ಮಾತು ಕೇಳಲೇಬೇಕು: "ಚಂದ್ರಗಿರಿ ವೞಿಯಾ?" ವೞಿ ಎಂದರೆ ದಾರಿ. ಹಳಗನ್ನಡ ಓದಿದವರಿಗೆ 'ಬೞಿ' ನೆನಪಾದೀತು. ನಮ್ಮ ನಾಲಿಗೆಯಿಂದ ಸಾವಿರ ವರ್ಷದ ಹಿಂದೆಯೇ ಜಾರಲು ತೊಡಗಿದ ಆ 'ೞ' ಅಕ್ಷರ ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಬದುಕಿದೆ.

ನಾವು ರೈಲು ಹಿಡಿದೆವು. ಶೊರನೂರಿನ ಕಡೆಯಿಂದ ಬಂದ ಈ ಹಳಿ 1907ರಲ್ಲಿ ಮಂಗಳೂರು ಮುಟ್ಟಿತು. ಅಂದಿನಿಂದ ನಮ್ಮ ಊರುಗಳಿಗೆ ಇದೇ ದೊಡ್ಡ ಬೀದಿ. ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಹೆಚ್ಚಿನವು ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲುವುದಿಲ್ಲ. ಕುಂಬಳೆಯಲ್ಲಿ ಪ್ಯಾಸೆಂಜರ್ ಹತ್ತಿದರೆ ಮೊಗ್ರಾಲು ಹೊಳೆ, ಕಾಸರಗೋಡು, ಚಂದ್ರಗಿರಿ ಹೊಳೆ, ಕಳನಾಡಿನ ಸುರಂಗ, ಕೋಟಿಕುಳಂ ಕಳೆದು 'ಬೇಕಲ್ ಫೋರ್ಟ್' ಎಂಬ ಸ್ಟೇಷನ್ನಿನಲ್ಲಿ ಇಳಿಯಬಹುದು. ಹಿಂದೆ ಅದಕ್ಕೆ ಪಳ್ಳಿಕ್ಕರೆ ಸ್ಟೇಷನ್ ಎಂದೇ ಹೆಸರಿತ್ತು. ಅಲ್ಲಿಂದ ಕೋಟೆಗೆ ನಡೆದೇ ಹೋಗಬಹುದು.

ಚಂದ್ರಗಿರಿ ಹೊಳೆಯ ಮೇಲೆ ಗಾಡಿ ಬಂದಾಗ ಭಾವ ಕಿಟಕಿಗೆ ಬಂದರು. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಮೇಲಿನ ಊರುಗಳಲ್ಲಿ ಪಯಸ್ವಿನಿ ಎನಿಸಿಕೊಂಡು, ಇಲ್ಲಿ ಕಡಲು ಸೇರುವ ಹೊಳೆ ಇದು. ಹಿಂದಿನವರಿಗೆ ತುಳುನಾಡು ಮತ್ತು ಮಲಯಾಳ ಬೇರೆಯಾಗುವ ಗೆರೆ ಇದೇ. ಗಡಿ ವಿವಾದಕ್ಕೆಂದು ನೇಮಿಸಿದ ಮಹಾಜನ ಆಯೋಗದ 1967ರ ವರದಿ ಈ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿತ್ತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ನೂರು ತುಂಬಿ ತೀರಿಕೊಳ್ಳುವವರೆಗೂ ಆ ಆಸೆಯನ್ನು ಕೈಬಿಡಲಿಲ್ಲ. ಅವರ ನೋವು ನಮ್ಮ ಮನೆಗಳ ನೋವೂ ಹೌದು. ಆ ನೋವನ್ನು ಮುಚ್ಚಿಟ್ಟು ನಾನು ಅತಿಥಿಗಳಿಗೆ ಊರು ತೋರಿಸಲಾರೆ. ಆದರೆ ಹೊಳೆಯನ್ನೇ ನೋಡಿ: ಮಲಯಾಳದಲ್ಲಿ ಅದು 'ಪುೞ', ಹಳಗನ್ನಡದಲ್ಲಿ 'ಪೊೞೆ', ಇಂದು ನಮ್ಮ ಬಾಯಲ್ಲಿ 'ಹೊಳೆ'. ಗೆರೆಯೆಂದು ಕರೆದ ನೀರಿಗೆ ಎರಡು ದಡದವರೂ ಒಂದೇ ಹೆಸರಿಟ್ಟಿದ್ದಾರೆ.

ಬೇಕಲದಲ್ಲಿ ಇಳಿದಾಗ ಮಧ್ಯಾಹ್ನ. ಸಣ್ಣದೊಂದು ಹೋಟೆಲಿನ ಬಾಗಿಲಲ್ಲಿ ನಾನು "ಊಣ್ ಉಂಡಾ?" ಎಂದು ಕೇಳಿದೆ. ಊಟ ಇದೆಯೇ ಎಂದು ಕೇಳಿದ್ದು. ಹಿಂದೆ ನಿಂತಿದ್ದ ತಂಗಿಯ ಪುಟ್ಟ ಮಗ ತನಗೇ ಕೇಳಿದರೆಂದುಕೊಂಡು "ಇಲ್ಲ, ಇನ್ನೂ ಉಂಡಿಲ್ಲ" ಎಂದ. ಒಳಗಿದ್ದ ಹೆಂಗಸಿಗೆ ಕನ್ನಡ ಬರುತ್ತಿತ್ತು. "ಬಾ ಮಗಾ, ಉಣ್ಣುವಿಯಂತೆ" ಎಂದು ಎಲೆ ಹಾಸಿದರು. ನೀರು ಬೇಕೇ ಎಂದು ಇನ್ನೊಬ್ಬ ಹುಡುಗಿ "ವೆಳ್ಳಂ?" ಎಂದಾಗ ಅವನಿಗೆ ಬೆಲ್ಲ ಕೇಳಿಸಿತು, ಕೈ ಚಾಚಿದ. ಬಿಸಿನೀರು ಬಂತು. ಅದರ ಹಿಂದೆಯೇ ಆ ಹೆಂಗಸು ಒಳಗಿನಿಂದ ಒಂದು ತುಂಡು ಬೆಲ್ಲವನ್ನೂ ತಂದು ಅವನ ಎಲೆಯ ತುದಿಗೆ ಇಟ್ಟರು. ಎರಡು ಭಾಷೆಯ ನಡುವೆ ಬದುಕುವುದೆಂದರೆ ಏನು ಎಂದು ಕೇಳುವವರಿಗೆ ನಾನು ಇನ್ನು ಮುಂದೆ ಈ ಬೆಲ್ಲದ ತುಂಡನ್ನೇ ಹೇಳುತ್ತೇನೆ.

ಹೋಟೆಲಿನ ಹೆಂಗಸಿಗೆ ಕನ್ನಡ ಹೇಗೆ ಬಂತೆಂದು ತಂಗಿಯ ಮಗಳಿಗೆ ಆಶ್ಚರ್ಯ. ಉತ್ತರ ಕೋಟೆಯಲ್ಲೇ ಇತ್ತು. ಬೇಕಲ ಕೋಟೆ ಕೆಳದಿಯ ಶಿವಪ್ಪ ನಾಯಕ ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ್ದು. ಸುಮಾರು 40 ಎಕರೆ, ಎಲ್ಲವೂ ಕೆಂಪು ಮುರಕಲ್ಲು, ಮೂರು ಕಡೆ ಕಡಲು. ಒಳಗೆ ಅರಮನೆ ಇಲ್ಲ. ಇದು ಅರಸರು ವಾಸಿಸಿದ ಕೋಟೆಯೇ ಅಲ್ಲ, ಕರಾವಳಿಯನ್ನು ಕಾಯಲು ಕಟ್ಟಿದ್ದು. ಮುಂದೆ ಹೈದರನ ಕೈಗೆ, ಟಿಪ್ಪುವಿನ ಕೈಗೆ, 1799ರ ಮೇಲೆ ಕಂಪನಿಯ ಕೈಗೆ ಹೋಯಿತು. ಕೋಟೆ ಕಾಯಲು ಕೆಳದಿಯವರೊಡನೆ ಬಂದ ರಾಮಕ್ಷತ್ರಿಯರು ಮಾತ್ರ ಬೇಕಲ, ಹೊಸದುರ್ಗದ ಸುತ್ತ ಉಳಿದರು. ಅವರ ಮನೆಗಳಲ್ಲಿ ಇವತ್ತಿಗೂ ಕನ್ನಡ ಇದೆ. 'ಬಾಂಬೆ' ಸಿನಿಮಾದ ಹಾಡಿನಲ್ಲಿ ಈ ಗೋಡೆಗಳನ್ನು ಕಂಡು ಬರುವ ಪ್ರವಾಸಿಗರಿಗೆ ಯಾರಾದರೂ ಇದನ್ನೂ ಹೇಳಬೇಕು. ಚಂದ್ರಗಿರಿ ದಾಟಿದರೆ ಕನ್ನಡ ಮುಗಿಯಿತು ಎಂದು ತಿಳಿಯುವುದು ತಪ್ಪು, ಹೊಳೆಯ ಬಡಗಿಗೆ ಮಲಯಾಳ ಹೊರಗಿನದು ಎನ್ನುವುದೂ ಅಷ್ಟೇ ತಪ್ಪು.

ಸೂರ್ಯಾಸ್ತದ ಮೇಲೆ ಬಸ್ಸು ಎಲ್ಲಿ ಸಿಗುತ್ತದೆಂದು ಭಾವ ತಾವೇ ಕೇಳಲು ಹೋದರು. "ಪಳ್ಳಿ ಸ್ಟಾಪ್‌ಲ್ ನಿನ್ನಾಲ್ ಬಸ್ ಕಿಟ್ಟುಂ" ಎಂದು ಒಬ್ಬರು ಕೈ ತೋರಿಸಿದರು. ಹಿಂದಿನ ದಿನ ಬಸ್ಸಿನಲ್ಲಿ ಕೇಳಿದ ಸೂತ್ರ ಭಾವನಿಗೆ ನೆನಪಿತ್ತು. ಪಳ್ಳಿ ಎಂದರೆ ಹಳ್ಳಿ ಎಂದು ಲೆಕ್ಕ ಹಾಕಿ ಹಳ್ಳಿಯ ನಡುಭಾಗ ಹುಡುಕುತ್ತ ಹೊರಟೇಬಿಟ್ಟರು. ಸೂತ್ರ ತಪ್ಪಲ್ಲ, ಹಳಗನ್ನಡದಲ್ಲಿ ಹಳ್ಳಿ ಪಳ್ಳಿಯೇ. ಆದರೆ ಇಲ್ಲಿ ಪಳ್ಳಿ ಎಂದರೆ ಮಸೀದಿ. ದಾರಿ ಹೇಳಿದ ಮನುಷ್ಯ ಭಾವ ಬೇರೆ ಕಡೆ ತಿರುಗಿದ್ದನ್ನು ದೂರದಿಂದಲೇ ನೋಡಿ, ಹಿಂದೆ ಓಡಿ ಬಂದು, ನಮ್ಮನ್ನು ಮಸೀದಿಯ ಎದುರಿನ ಸ್ಟಾಪಿನಲ್ಲಿ ನಿಲ್ಲಿಸಿ, ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿಸಿದರು. ಫೋನಿನ ನಕ್ಷೆ ಸ್ಟಾಪು ತೋರಿಸೀತು, ಬಸ್ಸಿಗೆ ಕೈ ಅಡ್ಡ ಹಿಡಿಯಲಾರದು.

ದಾರಿ ಕೇಳುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಇಲ್ಲಿ ಎಡ ಬಲಕ್ಕಿಂತ ದಿಕ್ಕಿನ ಬಳಕೆ ಹೆಚ್ಚು. ಪಡಿಞ್ಞಾರ್, ಕಿೞಕ್ಕ್, ವಡಕ್ಕ್, ತೆಕ್ಕ್. ನಮ್ಮ ಪಡು, ಮೂಡು, ಬಡಗು, ತೆಂಕು. 'ಬಡಗು' ಮತ್ತು 'ವಡಕ್ಕ್' ಅಕ್ಕತಂಗಿಯರು, 'ಪಡು' ಮತ್ತು 'ಪಡಿಞ್ಞಾರ್' ಕೂಡ. ಪಡುಬಿದ್ರಿ, ಮೂಡುಬಿದಿರೆ ಎಂಬ ಹೆಸರುಗಳನ್ನು ಕೇಳಿ ಬೆಳೆದ ಕರಾವಳಿಯ ಮಗುವಿಗೆ ಇದು ತಾನಾಗಿ ಬರುತ್ತದೆ. ಘಟ್ಟದ ಮೇಲಿನ ಮಕ್ಕಳಿಗೆ ನಾನು ಹೇಳಿದ್ದು ಇಷ್ಟೇ: ಸೂರ್ಯ ಎಲ್ಲಿ ಮುಳುಗುತ್ತಾನೋ ಅಲ್ಲಿ ಕಡಲು, ಕಡಲಿರುವುದು ಪಡು. ಆಮೇಲೆ ಇಡೀ ಊರು ಅಂಗೈಯಲ್ಲಿದೆ. ಹಾಗೆಯೇ ಪುಸ್ತಕದ ಮಲಯಾಳ ಕಲಿತು ಬಂದವರು ಇವಿಡೆ, ಅವಿಡೆ, ಎವಿಡೆ ಎನ್ನುತ್ತಾರೆ. ನಮ್ಮಲ್ಲಿ ಅದು ಈಡೆ, ಆಡೆ, ಏಡೆ. ತಿರುವನಂತಪುರದಿಂದ ವರ್ಗವಾಗಿ ಬಂದ ಮಲಯಾಳಿಗೂ ಇಲ್ಲಿ ಮೊದಲ ತಿಂಗಳು ದುಭಾಷಿ ಬೇಕಾಗುತ್ತದೆ.

ಮೂರನೆಯ ದಿನ ಹಿನ್ನೀರು. ನೀಲೇಶ್ವರದ ಹತ್ತಿರದ ಕೋಟ್ಟಪ್ಪುರದಿಂದ ಹೌಸ್‌ಬೋಟುಗಳು ಹೊರಡುತ್ತವೆ. ದೊಡ್ಡ ಗುಂಪಿದ್ದರೆ ಅದು ಒಳ್ಳೆಯದು. ನಾವು ಐದೇ ಜನ. ರೈಲಿನಲ್ಲಿ ತ್ರಿಕರಿಪುರಕ್ಕೆ ಹೋಗಿ, ಆಟೊ ಹಿಡಿದು ಆಯಿಟ್ಟಿಯ ಕಡವಿಗೆ ಬಂದೆವು. ಎದುರಿಗೆ ಕವ್ವಾಯಿ ಹಿನ್ನೀರು, ಅದರಾಚೆ ವಲಿಯಪರಂಬ. ಕಡಲು ಮತ್ತು ಹಿನ್ನೀರಿನ ನಡುವೆ ಸುಮಾರು 24 ಕಿಲೋಮೀಟರ್ ಉದ್ದಕ್ಕೆ ಮಲಗಿದ ಮರಳಿನ ಪಟ್ಟಿ. ದೋಣಿಯಲ್ಲಿ ರೇಶನ್ ಅಕ್ಕಿಯ ಚೀಲ, ಒಂದು ಸೈಕಲ್, ಮದುವೆಗೆ ಹೊರಟ ಸಂಸಾರ. ಪ್ರವಾಸಿಗರಿಗೆಂದು ಏನನ್ನೂ ಜೋಡಿಸಿ ಇಟ್ಟಿರಲಿಲ್ಲ. ನೀರಿನ ಮಟ್ಟದಲ್ಲಿ ಕೂತು ತೆಂಗಿನ ತೋಟಗಳನ್ನು ನೋಡುತ್ತ ಹೋಗುವಾಗ ಭಾವ ಒಂದು ಮಾತೂ ಆಡಲಿಲ್ಲ. 'ಕಡವು' ಎಂಬ ಪದವನ್ನು ಮಗಳು ಬರೆದುಕೊಂಡಳು. ದೋಣಿ ದಾಟುವ ಜಾಗ. ನಮ್ಮ ಹಳೆಯ ಊರುಗಳಲ್ಲೂ ಕಡವು ಇತ್ತು, ಸೇತುವೆ ಬಂದ ಮೇಲೆ ಪದವೂ ದೋಣಿಯೊಡನೆ ಹೋಯಿತು.

ಬರುವವರು ಕಾಲ ನೋಡಿ ಬರಬೇಕು. ಜೂನಿನಿಂದ ಸೆಪ್ಟೆಂಬರ್ ತನಕ ಕಡಲು ಒರಟು, ನೀರಿಗೆ ಇಳಿಯಲೇಬಾರದು. ಕೋಟೆಯ ಮೇಲಿಂದ ಮಳೆ ನೋಡುವ ಆಸೆಯಿದ್ದವರು ಮಾತ್ರ ಆಗ ಬರಲಿ. ತುಲಾ ತಿಂಗಳ ಹತ್ತಕ್ಕೆ, ಅಂದರೆ ಅಕ್ಟೋಬರ್ ಕೊನೆಗೆ, ಕಾವುಗಳಲ್ಲಿ ತೆಯ್ಯಂ ಎಂಬ ದೈವಾರಾಧನೆ ಶುರುವಾಗುತ್ತದೆ. ಹೊಳೆಯ ಬಡಗಿನ ನಮ್ಮ ಭೂತಕೋಲಗಳು ಬೇಸಗೆಯ ಕೊನೆಗೆ ಪತ್ತನಾಜೆಯಂದು ಕಾಲಿನ ಗಗ್ಗರ ಬಿಚ್ಚಿಡುತ್ತವೆ. ಈ ನಡುವಿನ ತಿಂಗಳುಗಳಲ್ಲಿ ಬಂದರೆ ರಾತ್ರಿ ಎಲ್ಲಾದರೂ ಚೆಂಡೆಯ ಸದ್ದು ಕೇಳಿಸಿಯೇ ತೀರುತ್ತದೆ. ಹೋದರೆ ಚಪ್ಪಲಿ ಹೊರಗೆ ಬಿಡಿ, ಫೋಟೊ ತೆಗೆಯುವ ಮೊದಲು ಕೇಳಿ. ಅದು ಅವರ ದೇವರು.

ಹಿಂತಿರುಗುವಾಗ ಮಗಳು ಒಂದು ಪ್ರಶ್ನೆ ಕೇಳಿದಳು. ಬೆಳಿಗ್ಗೆ ಕಂಡ ಒಂದು ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಹೊಸದುರ್ಗ ಎಂದಿತ್ತು, ಬಸ್ಸಿನವರು ಕಾಞಂಗಾಡ್ ಎಂದರು, ಪಕ್ಕದ ಸೀಟಿನ ಅಜ್ಜ ಪುದಿಯಕೋಟ್ಟ ಎಂದರು. ಯಾವುದು ಸರಿ? ಪೇಟೆ ಕಾಞಂಗಾಡು, ತಾಲೂಕು ಹೊಸದುರ್ಗ, ಕೋಟೆಯ ಸುತ್ತಲಿನ ಜಾಗಕ್ಕೆ ಮಲಯಾಳದಲ್ಲಿ ಪುದಿಯಕೋಟ್ಟ ಎಂದೆ. ಪುದಿಯ ಎಂದರೆ ಹೊಸ, ಕೋಟ್ಟ ಎಂದರೆ ದುರ್ಗ. ಅದೂ ಕೆಳದಿಯವರ ಕೋಟೆಯೇ. ಎರಡು ಭಾಷೆಯವರು ಒಂದೇ ಕೋಟೆ ನೋಡಿ ಒಂದೇ ಮಾತು ಹೇಳಿದರು, ಅವರವರ ಬಾಯಲ್ಲಿ. 2021ರ ಜೂನಿನಲ್ಲಿ ಕಾಸರಗೋಡಿನ ಕನ್ನಡದ ಊರಹೆಸರುಗಳನ್ನು ಬದಲಿಸಲಾಗುತ್ತಿದೆ ಎಂಬ ಸುದ್ದಿ ಹಬ್ಬಿದಾಗ ನಮ್ಮ ಮನೆಗಳಲ್ಲಿ ಅನ್ನ ಇಳಿಯಲಿಲ್ಲ. ಅಂಥ ತೀರ್ಮಾನ ಇಲ್ಲವೆಂದು ಕೇರಳ ಸರಕಾರ ಹೇಳಿದ ಮೇಲೂ ಕಳವಳ ಪೂರ್ತಿ ಹೋಗಿಲ್ಲ. ಏಕೆಂದರೆ ಹೆಸರು ಒಂದೇ ದಿನದಲ್ಲಿ ಹೋಗುವುದಿಲ್ಲ. ಮೊದಲು ಬೋರ್ಡಿನಿಂದ ಹೋಗುತ್ತದೆ, ಆಮೇಲೆ ಟಿಕೇಟಿನಿಂದ, ಕೊನೆಗೆ ಮಕ್ಕಳ ಬಾಯಿಂದ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕು ಬಸ್‌ಸ್ಟಾಪಿನ ಫಲಕದ ಮೇಲೂ ಕಾಣಬೇಕು. ಓದಲು ಬರದ ಲಿಪಿಯ ಎದುರು ನಿಂತ ಮುದುಕಿಗೆ ಅದು ರಾಜಕೀಯವಾಗಿರುವುದಿಲ್ಲ. ಅವಳಿಗೆ ಮನೆ ತಲುಪಬೇಕಾಗಿರುತ್ತದೆ.

ಅವರು ಊರಿಗೆ ಹೊರಟ ದಿನ ಮತ್ತೆ ತಲಪಾಡಿಯಲ್ಲಿ ಇಳಿದು ನಡೆದೆವು. ಸಿಟಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಒಬ್ಬ ವಯಸ್ಸಾದ ಹೆಂಗಸು ಎಕ್ಸ್‌ರೇಯ ದೊಡ್ಡ ಕವರು ಹಿಡಿದು, ಮೊಮ್ಮಗನ ಕೈ ಹಿಡಿದು ಒಂದೊಂದೇ ಬಸ್ಸಿನ ಮುಂದೆ ನಿಂತು ನೋಡುತ್ತಿದ್ದರು. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆಯೆಂದರೆ ಮಂಗಳೂರೇ ಗತಿ. ನಾವು ಮಂಗಳೂರು ಎನ್ನುವುದನ್ನು ತುಳುವರು ಕುಡ್ಲ ಎನ್ನುತ್ತಾರೆ, ಬ್ಯಾರಿಗಳು ಮೈಕಾಲ, ಕೊಂಕಣಿಗರು ಕೊಡಿಯಾಲ, ಮಲಯಾಳಿಗಳು ಮಂಗಲಾಪುರಂ. ಎದುರಿದ್ದ ಬಸ್ಸಿನ ಬೋರ್ಡಿನಲ್ಲಿ ಇದ್ದದ್ದು ಕನ್ನಡ ಒಂದೇ. ಮೂರು ದಿನ ನಮ್ಮವರು ಮಲಯಾಳದ ಬೋರ್ಡುಗಳ ಮುಂದೆ ಹೇಗೆ ನಿಂತಿದ್ದರೋ ಈಗ ಆ ಅಜ್ಜಿ ಹಾಗೆ ನಿಂತಿದ್ದರು. ಅವರ ಭಾಷೆಯ ಒಂದು ಸಾಲು ನಮ್ಮ ಫಲಕದಲ್ಲಿ ಇರಬೇಕೆಂದು ನಾನು ಇದುವರೆಗೆ ಒಮ್ಮೆಯೂ ಬರೆದಿರಲಿಲ್ಲ. ಅದು ನನ್ನ ತಪ್ಪು. ಇವತ್ತು ಬರೆಯುತ್ತಿದ್ದೇನೆ.

"ಮಂಗಲಾಪುರತ್ತೇಕ್ ಬಸ್ ಉಂಡಾ?" ಅಜ್ಜಿ ಕೇಳಿದ್ದು ಯಾರನ್ನೆಂದು ಗೊತ್ತಾಗಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ತಂಗಿಯ ಮಗಳು ಮುಂದೆ ಹೋಗಿ, ಬೋರ್ಡು ಓದಿ, ಅವರ ಕವರನ್ನು ತನ್ನ ಕೈಗೆ ತೆಗೆದುಕೊಂಡು ಹೇಳಿದಳು:

"ಉಂಡ್. ಈಡೆ ಉಂಡ್."

ಅಜ್ಜಿ ಬಸ್ಸು ಹತ್ತಿದರು. ಅವರ ಹಿಂದೆ ನಮ್ಮವರೂ ಹತ್ತಿದರು.